ಜಾಕ್ಮೆಲ್ ಬೀದಿ ಲೆಕ್ಕ

ಬಡದೇಶ ಅನ್ನೋದೇನೋ ಸರಿ ಪದ್ಮಕ್ಕ. ಆದ್ರೆ "ಬಡದೇಶದಲ್ಲಿ ನೋಡೋಕೆ ಏನಿರುತ್ತೆ" ಅಂದ್ರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ರಾಯರಂತೂ ಪೇಪರಿನಿಂದ ತಲೆ ಎತ್ತದೇನೇ "ಹೈಟಿ ಅಂದ್ರೆ ಭೂಕಂಪ, ಗಲಾಟೆ, ಮುಗೀತು" ಅಂದ್ಬಿಟ್ರು. ಪೇಪರಿನೋರಿಗೂ ಅಷ್ಟೇ ಗೊತ್ತಿರೋದು. ಆ ದೇಶದ ಹೆಸರು ಬರೆದ್ರೋ ಇಲ್ವೋ, ಪಕ್ಕದಲ್ಲೇ "ಪಶ್ಚಿಮ ಗೋಳಾರ್ಧದ ಅತಿ ಬಡ ರಾಷ್ಟ್ರ" ಅಂತ ಮನೆತನದ ಹೆಸರು ಅಂಟಿಸೋ ಹಾಗೆ ಅಂಟಿಸ್ತಾರೆ. ನಾನು ಅಲ್ಲಿ ಇದ್ದು ಬಂದೋಳು, ಅಲ್ಲಿನ ಒಂದೂರಿನ ಬೀದಿಗಳಲ್ಲಿ ಚಪ್ಪಲಿ ಸವೆಸಿದೋಳು. ಹೇಳ್ತೀನಿ ಕೇಳಿ. ಸೊಪ್ಪು ಬಿಡಿಸೋದು ನಿಲ್ಲಿಸಬೇಡಿ, ಒಂದು ಕಿವಿ ಈ ಕಡೆ ಕೊಟ್ಟಿದ್ರೆ ಸಾಕು.

2010ರ ಜನವರಿ 12ರ ಸಂಜೆ ಅಲ್ಲಿ ಭೂಮಿ ನಡುಗಿದ್ದು. ಆಮೇಲೆ ಒಂದು ಪರಿಹಾರ ಸಂಸ್ಥೆ ಕಡೆಯಿಂದ ನರ್ಸಾಗಿ ಹೋದೆ ನಾನು. ಇದ್ದದ್ದು ಲಿಯೋಗಾನ್ ಅನ್ನೋ ಊರಲ್ಲಿ, ಭೂಕಂಪದ ಕೇಂದ್ರ ಅದರ ಹತ್ತಿರವೇ. ಅಲ್ಲಿಂದ ಬೆಟ್ಟದ ಸಾಲು ಹತ್ತಿ ಇಳಿದ್ರೆ ದಕ್ಷಿಣದ ಕಡಲು, ಕಡಲ ದಂಡೆಗೆ ಜಾಕ್ಮೆಲ್. ಆ ಬೆಟ್ಟದ ರಸ್ತೆಯನ್ನ ಫ್ರಾನ್ಸಿನೋರು ನೆರವು ಕೊಟ್ಟು ಮಾಡಿಸಿದ್ದು, "ಸ್ನೇಹದ ರಸ್ತೆ" ಅಂತ ಅದಕ್ಕೆ ಹೆಸರು. ಫ್ರಾನ್ಸಿನೋರ ಸ್ನೇಹದ ಕಥೆ ಆಮೇಲೆ ಹೇಳ್ತೀನಿ, ಅದಕ್ಕೆ ಬೇರೇನೇ ಲೆಕ್ಕ ಇದೆ. ರಜ ಸಿಕ್ಕಿದ್ರೆ ಸಾಕು, ಬಣ್ಣಬಣ್ಣದ ಟ್ಯಾಪ್‌ಟ್ಯಾಪ್ ಹತ್ತಿ ಹೊರಟುಬಿಡ್ತಿದ್ದೆ. ಟ್ಯಾಪ್‌ಟ್ಯಾಪ್ ಅಂದ್ರೆ ಸಾಮಾನು ಸಾಗಿಸೋ ಪಿಕಪ್ ಗಾಡಿಗೆ ಮೇಲೊಂದು ಮಾಡು ಹೊದಿಸಿ, ಒಳಗೆ ಎದುರುಬದುರು ಬೆಂಚು ಹಾಕಿದ್ದು. ಏಸುಕ್ರಿಸ್ತನಿಂದ ಹಿಡಿದು ಫುಟ್‌ಬಾಲ್ ಆಟಗಾರರವರೆಗೆ ಎಲ್ಲಾರ ಚಿತ್ರಾನೂ ಅದರ ಮೈಮೇಲಿರುತ್ತೆ. ಇಳಿಯೋ ಜಾಗ ಬಂತು ಅಂದ್ರೆ ತಗಡು ಬಡೀಬೇಕು, ನಿಲ್ಲಿಸ್ತಾನೆ.

ಜಾಕ್ಮೆಲ್ ನಡೆಯೋಕೇ ಕಟ್ಟಿಸಿದಂಥ ಊರು. ಮೇಲೆ ಗುಡ್ಡ, ಕೆಳಗೆ ಕೊಲ್ಲಿ, ನಡುವೆ ಇಳಿಜಾರು ಬೀದಿಗಳು, ಬೀದಿಯಿಂದ ಬೀದಿಗೆ ಮೆಟ್ಟಿಲು. ದಾರಿ ತಪ್ಪೋಕೆ ಆಗೋದೇ ಇಲ್ಲ. ಇಳೀತಾ ಹೋದ್ರೆ ಸಮುದ್ರ, ಹತ್ತುತಾ ಹೋದ್ರೆ ದೊಡ್ಡ ಚರ್ಚು, ಮಾರ್ಕೆಟ್ಟು. ಮಂಡಿನೋವಿನೋರಿಗೆ ಮಾತ್ರ ಬೆಳಿಗ್ಗೆ ಇಳಿದು ಮಧ್ಯಾಹ್ನ ಹತ್ತೋದು ಶಿಕ್ಷೆ. ಅವರಿಗೆ ಅಂತಾನೇ ಮೋಟರ್‌ಬೈಕ್ ಟ್ಯಾಕ್ಸಿ ಹುಡುಗರು ಮೂಲೆಮೂಲೆಲೂ ನಿಂತಿರ್ತಾರೆ, ನಾವು ಎರಡು ಹೆಜ್ಜೆ ಇಟ್ರೆ "ಎಲ್ಲಿಗೆ ಅಮ್ಮ, ಎಲ್ಲಿಗೆ" ಅಂತಾರೆ. ಎಲ್ಲಿಗೂ ಇಲ್ಲಪ್ಪ, ಸುಮ್ಮನೆ ನಡೀತಿದೀನಿ ಅಂದ್ರೆ ಅವರಿಗೆ ಅರ್ಥಾನೇ ಆಗಲ್ಲ. ಕೆಲಸವಿಲ್ಲದೆ ಬಿಸಿಲಲ್ಲಿ ನಡೆಯೋದು ವಿದೇಶೀಯರ ಕಾಯಿಲೆ ಅಂತ ಅವರ ಲೆಕ್ಕ.

ಆದ್ರೆ ನಡೆಯೋಕೂ ಒಂದು ಕ್ರಮ ಇದೆ ಅಲ್ಲಿ. ಸುಮ್ಮನೆ ಮೂಗಿನ ನೇರಕ್ಕೆ ನೋಡ್ತಾ ಹೋಗೋ ಹಾಗಿಲ್ಲ. ಜಗಲಿ ಮೇಲೆ ಕೂತೋರಿಗೆ, ಬಾಗಿಲಲ್ಲಿ ನಿಂತೋರಿಗೆ, ಅಂಗಡಿಯೋನಿಗೆ, ಎದುರು ಬಂದ ಮುದುಕಪ್ಪನಿಗೆ, ಎಲ್ಲರಿಗೂ "ಬೋಂಜು" ಹೇಳಬೇಕು. ಮಧ್ಯಾಹ್ನ ಹನ್ನೆರಡು ದಾಟಿತೋ, "ಬೋನ್ಸ್ವಾ". ಸೂರ್ಯ ನೆತ್ತಿ ಮೇಲೆ ಸುಡ್ತಿರುವಾಗಲೇ ಶುಭಸಂಜೆ ಹೇಳಬೇಕು ಅಂದ್ರೆ ನಮಗೆ ನಗು ಬರುತ್ತೆ, ಅವರಿಗೆ ಬರಲ್ಲ. ನಮಸ್ಕಾರ ಹೇಳದೆ "ಮಾರ್ಕೆಟ್ ಎಲ್ಲಿ" ಅಂತ ಕೇಳಿದ್ರೆ, ಎದುರಿನೋರು ಉತ್ತರ ಕೊಡೋ ಬದಲು ತಾವೇ ನಿಧಾನವಾಗಿ "ಬೋಂಜು" ಅಂತಾರೆ. ಅದು ಪಾಠ. ತಿರುಗಿ ಬೋಂಜು ಅಂದ ಮೇಲೇ ದಾರಿ ತೋರಿಸೋದು. ಯಾರ ಮನೆ ಬೇಲಿ ಹತ್ತಿರ ಹೋದ್ರೂ ಹೊರಗೆ ನಿಂತು "ಒನೆ!" ಅಂತ ಕೂಗಬೇಕು, ಅಂದ್ರೆ ಮರ್ಯಾದೆ. ಒಳಗಿನಿಂದ "ರೆಸ್ಪೆ!" ಅಂತ ಬರುತ್ತೆ, ಅಂದ್ರೆ ಗೌರವ. ಹಳ್ಳಿ ಕಡೆ ಈ ಪದ್ಧತಿ ಇನ್ನೂ ಗಟ್ಟಿ. ನಾಲ್ಕು ಬೀದಿ ಸುತ್ತೋದ್ರಲ್ಲಿ ನೂರು ನಮಸ್ಕಾರ ಆಗುತ್ತೆ, ಎರಡನೇ ಸಲ ಹೋದಾಗ ಊರೇ ಗುರುತು ಹಿಡಿಯುತ್ತೆ. ನಾವು ಊರು ನೋಡೋಕೆ ಬಂದಿದೀವಿ ಅಂದ್ಕೊಂಡಿರ್ತೀವಿ, ಅಷ್ಟರಲ್ಲಿ ಊರು ನಮ್ಮನ್ನ ನೋಡಿ ಮುಗಿಸಿರುತ್ತೆ.

ಫೋಟೊನಾ? ಅದೊಂದು ವಿಷಯ ಚೆನ್ನಾಗಿ ಕೇಳಿದ್ರಿ. ಕೇಳದೆ ಕ್ಯಾಮೆರಾ ಎತ್ತಿದ್ರೆ ಮುಖ ಗಂಟಾಗುತ್ತೆ, ಬೈಗುಳಾನೂ ಬೀಳುತ್ತೆ. ತಪ್ಪೇನು ಹೇಳಿ? ಭೂಕಂಪ ಆದಾಗ ಲೋಕದ ಕ್ಯಾಮೆರಾ ಎಲ್ಲ ಅಲ್ಲಿಗೇ ಬಂತು. ಮನೆ ಕಳಕೊಂಡು ಬೀದೀಲಿ ಕೂತೋರ ಮುಖ ಎಲ್ಲೆಲ್ಲೋ ಅಚ್ಚಾಯ್ತು, ಆ ಮುಖದೋರಿಗೆ ಒಂದು ಕಾಸೂ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಮಾರೋ ಹೆಂಗಸು ನನ್ನ ಮುಖಕ್ಕೇ ಕೇಳಿದ್ಳು: ಈ ಚಿತ್ರ ತಗೊಂಡು ಹೋಗಿ ನೀನು ಏನು ಮಾಡ್ತೀಯ, ಅದರಲ್ಲಿ ನನಗೇನು ಬರುತ್ತೆ ಅಂತ. ಕ್ಯಾಮೆರಾನ ಚೀಲಕ್ಕೆ ಹಾಕಿ ಕಾಲು ಕಿಲೋ ಮೆಣಸಿನಕಾಯಿ ತಗೊಂಡೆ.

ಮಾರ್ಕೆಟ್ಟು ಅಂದ್ರೆ ಸಾಮಾನ್ಯದ್ದಲ್ಲ. ಕಬ್ಬಿಣದ ಕಂಬ, ಕಬ್ಬಿಣದ ಚೌಕಟ್ಟು, ಕೆಂಪು ಬಣ್ಣ, 1895ರದ್ದು. ಒಳಗೂ ಹೊರಗೂ ಸುತ್ತಲ ಬೀದಿಗಳಲ್ಲೂ ಹೆಂಗಸರದ್ದೇ ರಾಜ್ಯ. ಊರಿಂದೂರಿಗೆ ಮಾಲು ಸಾಗಿಸಿ ಮಾರೋ ವ್ಯಾಪಾರಿ ಹೆಂಗಸರಿಗೆ ಅಲ್ಲಿ ಮಾದಾಂ ಸಾರಾ ಅಂತಾರೆ, ಗುಂಪುಕಟ್ಟಿಕೊಂಡು ಕಿಚಕಿಚ ಅನ್ನೋ ಒಂದು ಹಕ್ಕಿಯ ಹೆಸರು ಅದು. ಬೆಟ್ಟದ ಮೇಲಿನ ಕ್ಯಾರೆಟ್ಟು, ಕೋಸು, ಬಯಲಿನ ಅಕ್ಕಿ, ಅಮೆರಿಕದಿಂದ ಮೂಟೆಮೂಟೆ ಬರೋ ಹಳೇ ಬಟ್ಟೆ, ಎಲ್ಲಾ ಅವರ ತಲೆ ಮೇಲೇ ಓಡಾಡುತ್ತೆ. ಬ್ಯಾಂಕೂ ಅವರೇ, ಲಾರಿ ಆಫೀಸೂ ಅವರೇ. ಆ ದೇಶದ ಊಟ ನಡೀತಿರೋದು ಅವರಿಂದ ಅಂದ್ರೆ ಹೆಚ್ಚಲ್ಲ. ನಿಮ್ಮ ತವರಿನ ಜೀಗುಜ್ಜೆ ಇದೆಯಲ್ಲ, ಅದರ ರಾಶಿ ಬಿದ್ದಿರುತ್ತೆ ಅಲ್ಲಿ. ಅದೇ ಮರ ಪದ್ಮಕ್ಕ, ಶಾಂತಸಾಗರದ ದ್ವೀಪಗಳದ್ದು, ಹಡಗಿನೋರು ಪುತ್ತೂರಿನ ಕಡೆಗೂ ಮುಟ್ಟಿಸಿದ್ರು, ಹೈಟಿಗೂ ಮುಟ್ಟಿಸಿದ್ರು. ಇನ್ನು ಮಾವಂತೂ ನಮ್ಮ ಕಡೆಯಿಂದಲೇ ಹೋದದ್ದು. ಫ್ರಾನ್ಸಿಕ್ ಅಂತ ಅವರದೇ ಒಂದು ಜಾತಿ ಮಾಡ್ಕೊಂಡಿದಾರೆ, ನಾರು ಸ್ವಲ್ಪ ಜಾಸ್ತಿ, ಸಿಹಿಗೆ ಕಡಿಮೆ ಇಲ್ಲ. ಅಮೆರಿಕಕ್ಕೆ ರಫ್ತಾಗುತ್ತೆ.

ರಾಯರೇ, ನೀವು ಆಡಿಟ್‌ನಲ್ಲಿ ಇದ್ದೋರು, ಇದನ್ನ ನೀವು ಕೇಳಲೇಬೇಕು. ಮಾವಿನ ಹಣ್ಣಿನ ಗುಡ್ಡೆ ಎಷ್ಟಮ್ಮ ಅಂದ್ರೆ "ಇಪ್ಪತ್ತು ಡಾಲರ್" ಅಂತಾಳೆ. ಹೊಸಬರಿಗೆ ಎದೆ ಧಸಕ್ ಅನ್ನುತ್ತೆ. ಅದು ಅಮೆರಿಕದ ಡಾಲರ್ ಅಲ್ಲ, ಹೈಟಿ ಡಾಲರ್. ಹಾಗಂತ ಹೈಟಿ ಡಾಲರ್ ತೋರಿಸಿ ಅಂದ್ರೆ ಯಾರ ಹತ್ರಾನೂ ಇಲ್ಲ, ಅಂಥ ನೋಟೇ ಇಲ್ಲ, ನಾಣ್ಯಾನೂ ಇಲ್ಲ. ದೇಶದ ದುಡ್ಡು ಗೂರ್ಡ್. 1912ರಿಂದ 1989ರವರೆಗೂ ಒಂದು ಅಮೆರಿಕನ್ ಡಾಲರಿಗೆ 5 ಗೂರ್ಡ್ ಅಂತ ಸರ್ಕಾರ ಕಟ್ಟಿಹಾಕಿತ್ತು. ಆ ಕಟ್ಟು ಬಿಚ್ಚಿಹೋಯ್ತು, ಈಗ ಡಾಲರಿಗೆ 130 ಗೂರ್ಡಿನ ಆಸುಪಾಸಿದೆ. ಆದ್ರೆ ಬಾಯಿಲೆಕ್ಕದಲ್ಲಿ 5 ಗೂರ್ಡಿಗೆ ಇವತ್ತಿಗೂ ಒಂದು ಡಾಲರೇ. ನಯಾಪೈಸೆ ಬಂದು ಎಷ್ಟೋ ವರ್ಷ ಆದ್ಮೇಲೂ ನಮ್ಮಜ್ಜಿ ನಾಲ್ಕಾಣೆ ಎಂಟಾಣೆ ಬಿಡಲಿಲ್ಲವಲ್ಲ, ಅದೇ ಕಥೆ. ಹಾಗಾಗಿ ಇಪ್ಪತ್ತು ಡಾಲರ್ ಅಂದ್ರೆ ಐದರಿಂದ ಗುಣಿಸಿ ನೂರು ಗೂರ್ಡ್ ಕೊಡಬೇಕು. ಚಿಲ್ಲರೆ ವಾಪಸ್ ಕೊಡುವಾಗ ಅವಳು ಐದರಿಂದ ಭಾಗಿಸಿ ಹೇಳ್ತಾಳೆ. ಓದು ಬರಹ ಇಲ್ಲದ ಹೆಂಗಸರು ಎರಡು ದುಡ್ಡಿನ ಲೆಕ್ಕಾನ ಏಕಕಾಲಕ್ಕೆ ತಲೇಲಿ ಓಡಿಸೋದು ನೋಡಿ ನಾನಂತೂ ದಂಗಾಗಿಬಿಟ್ಟೆ. ಇಲ್ಲದ ದುಡ್ಡಿನ ಲೆಕ್ಕ ಇಡೋದು ಆ ದೇಶಕ್ಕೆ ಹೊಸದೇನಲ್ಲ, ಅದಕ್ಕೂ ಬರ್ತೀನಿ.

ಮಾರ್ಕೆಟ್ಟಿನಿಂದ ಇಳಿದ್ರೆ ಹಳೇ ಮನೆಗಳು. ನೋಡೋ ಅಂಥದ್ದು ಅಂದ್ರೆ ಅದು. ಎರಡಂತಸ್ತು, ಆಳೆತ್ತರದ ಬಾಗಿಲು, ಮೇಲೆ ಬೀದಿಗೆ ಚಾಚಿದ ಬಾಲ್ಕನಿ, ಅದನ್ನ ಹೊತ್ತ ಸಣಕಲು ಎರಕದ ಕಬ್ಬಿಣದ ಕಂಬಗಳು. ಗುಲಾಬಿ, ತಿಳಿನೀಲಿ, ಹಳದಿ ಬಣ್ಣ ಚಕ್ಕೆಯೆದ್ದಿರುತ್ತೆ. 1896ರಲ್ಲಿ ದೊಡ್ಡ ಬೆಂಕಿ ಬಿದ್ದು ಊರು ಸುಟ್ಟುಹೋಯ್ತಂತೆ, ಆಮೇಲೆ ಕಟ್ಟಿದ್ದೇ ಹೆಚ್ಚು. ಆ ಕಂಬ, ಆ ಕಟಾಂಜನ ಎಲ್ಲ ಯುರೋಪಿನಲ್ಲಿ ಎರಕ ಹೊಯ್ದು ಹಡಗಿನಲ್ಲಿ ತರಿಸಿದ್ದು. ಯಾವ ದುಡ್ಡಲ್ಲಿ ಅಂತೀರಾ? ಕಾಫಿ ದುಡ್ಡಲ್ಲಿ. ಹಡಗು ಬರುವಾಗ ಕಬ್ಬಿಣ, ಹೋಗುವಾಗ ಕಾಫಿ ಮೂಟೆ. ಕೆಳಗಿನ ಅಂತಸ್ತು ಗೋದಾಮು, ಮೇಲೆ ಸಂಸಾರ. ಕಡಲ ಹತ್ತಿರದ ಕಾಮರ್ಸ್ ಬೀದೀಲಿ ಆ ಗೋದಾಮುಗಳು ಇನ್ನೂ ಇವೆ, ಕೆಲವು ಹೋಟೆಲಾಗಿವೆ, ಕೆಲವು ಕಲಾವಿದರ ಗ್ಯಾಲರಿ, ಕೆಲವು ಗೋಡೆ ಬಿರಿದು ಹಾಗೇ ನಿಂತಿವೆ. ಭೂಕಂಪ ಯಾರನ್ನೂ ನೋಡಿ ಬಿಡಲಿಲ್ಲ.

ಕಾಫಿ ಅಂದ ಕೂಡಲೇ ರಾಯರ ಪೇಪರು ಸ್ವಲ್ಪ ಕೆಳಗೆ ಬಂತು ನೋಡಿ! ಹೌದು ರಾಯರೇ, 1780ರ ದಶಕದಲ್ಲಿ ಲೋಕದ ಕಾಫಿಯಲ್ಲಿ ಹತ್ತಿರಹತ್ತಿರ ಅರ್ಧ ಆ ಒಂದು ತುಂಡು ನೆಲದಿಂದ ಹೋಗ್ತಿತ್ತು. ಆಗ ಅದು ಫ್ರಾನ್ಸಿನ ವಸಾಹತು, ಸೇಂಟ್ ಡೊಮಿಂಗ್ ಅಂತ ಹೆಸರು. ಬೆಳೀತಿದ್ದೋರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಆ ಗುಲಾಮರು ದಂಗೆ ಎದ್ದರು. ಹದಿಮೂರು ವರ್ಷ ಹೊಡೆದಾಡಿ, ನೆಪೋಲಿಯನ್ನನ ಸೈನ್ಯಾನೇ ಸೋಲಿಸಿ, 1804ರ ಜನವರಿ 1ಕ್ಕೆ ಸ್ವತಂತ್ರ ಆದ್ರು. ಗುಲಾಮರೇ ಗೆದ್ದು ದೇಶ ಕಟ್ಟಿದ್ದು ಚರಿತ್ರೆಯಲ್ಲಿ ಅದೊಂದೇ. ದೊಡ್ಡ ಎಸ್ಟೇಟುಗಳು ಒಡೆದು ತುಂಡುತುಂಡು ಹಿತ್ತಲಾದವು. ಆಮೇಲಿನ ಕಾಫಿ ಎಲ್ಲ ಬೆಟ್ಟದ ರೈತ ಮರದ ನೆರಳಲ್ಲಿ, ಬಾಳೆ, ಗೆಡ್ಡೆ ಜೊತೆ ಬೆಳೆದದ್ದು. ಅವನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಈ ಕಂಬದ ಮನೆಯ ಸಾಹುಕಾರನಿಗೆ, ಅಲ್ಲಿಂದ ಹಡಗಿಗೆ. ಇವತ್ತಿಗೂ ಬೆಳಗಾದ್ರೆ ಬಟ್ಟೆಚೀಲದಲ್ಲಿ ಸೋಸಿದ ಕಡುಕಪ್ಪು ಕಾಫಿ, ಬಾಯಿಗೆ ಅಂಟೋ ಅಷ್ಟು ಸಕ್ಕರೆ. ಹಾಲಿಲ್ಲ. ನನಗೆ ಒಂದು ವಾರ ತಲೆನೋವು ಬಂತು, ಆಮೇಲೆ ಅದೇ ಅಭ್ಯಾಸ ಆಯ್ತು.

ದೆವ್ವ, ಮಾಟ ಅಂತ ಕೇಳ್ತೀರ ಅಂತ ನನಗೆ ಗೊತ್ತಿತ್ತು! ಜಾಂಬಿ ಪಿಕ್ಚರು ನೋಡಿ ನೋಡಿ ಎಲ್ಲರಿಗೂ ಅದೇ ತಲೇಲಿ. ಜಾಕ್ಮೆಲ್‌ನಲ್ಲಿ ಕೊಲ್ಲಿ ಕಡೆ ಮುಖ ಮಾಡಿದ ಒಂದು ಹಳೇ ಬಂಗಲೆ ಇದೆ, ಮನ್ವಾರ್ ಅಲೆಕ್ಸಾಂಡ್ರ. ಅದೇ ಊರಲ್ಲಿ 1926ರಲ್ಲಿ ಹುಟ್ಟಿದ ರೆನೆ ದೆಪೆಸ್ತ್ರ್ ಅನ್ನೋ ಸಾಹಿತಿ ತನ್ನ ಕಾದಂಬರಿಗೆ ಆ ಮನೆಯನ್ನೇ ಇಟ್ಕೊಂಡ. ಮದುವೆ ಮಂಟಪದಲ್ಲೇ ಕುಸಿದು ಸತ್ತ ಮದುಮಗಳು, ಹೂತ ಮೇಲೆ ಗೋರಿಯಿಂದ ಕಾಣೆ. ಹಾದ್ರಿಯಾನ ಅವಳ ಹೆಸರು. 1988ರಲ್ಲಿ ಆ ಪುಸ್ತಕಕ್ಕೆ ಫ್ರಾನ್ಸಿನ ರೆನೊದೊ ಬಹುಮಾನ ಬಂತು. ಆದ್ರೆ ಒಂದು ತಿಳ್ಕೊಳ್ಳಿ, ಅಲ್ಲಿನೋರ ಜಾಂಬಿ ಕಚ್ಚಲ್ಲ, ಅಟ್ಟಿಸ್ಕೊಂಡು ಬರಲ್ಲ. ಸತ್ತೋನನ್ನ ಎಬ್ಬಿಸಿ, ಬುದ್ಧಿ ಕಿತ್ಕೊಂಡು, ಇನ್ನೊಬ್ಬನ ಗದ್ದೇಲಿ ಕೂಲಿ ಇಲ್ಲದೆ ದುಡಿಸ್ತಾರೆ, ಅದು ಜಾಂಬಿ. ಅವರು ಹೆದರೋದು ಜಾಂಬಿ ಬರುತ್ತೆ ಅಂತಲ್ಲ, ತಾವೇ ಜಾಂಬಿ ಆಗ್ತೀವಿ ಅಂತ. ಸತ್ತ ಮೇಲಾದ್ರೂ ದುಡಿತ ತಪ್ಪಲಿ ಅಂತ ಕಾಯ್ತಿದ್ದ ಗುಲಾಮನ ಮೊಮ್ಮಕ್ಕಳಿಗೆ ಅದಕ್ಕಿಂತ ಭಯ ಬೇರೆ ಯಾವುದಿರುತ್ತೆ?

ನಗೋ ವಿಷಯಕ್ಕೆ ಬರೋಣ. ಬೀದೀಲಿ ನಡೀತಾ ಇದ್ರೆ ಜಗಲಿ ಮೇಲೆ ಜಿರಾಫೆ ಒಣಗ್ತಿರುತ್ತೆ. ಪಕ್ಕದಲ್ಲಿ ಒಂದು ಚಿರತೆ ತಲೆ, ಎರಡು ಗಿಳಿ. ಎಲ್ಲಾ ಕಾಗದದ್ದು. ಜೇಡಿಮಣ್ಣಲ್ಲಿ ಅಚ್ಚು ಮಾಡಿ, ಅದರ ಮೇಲೆ ಸಿಮೆಂಟ್ ಚೀಲದ ಕಂದು ಕಾಗದಾನ ಗಂಜಿ ಹಚ್ಚಿ ಪದರ ಪದರವಾಗಿ ಅಂಟಿಸ್ತಾರೆ. ಒಣಗಿದ ಮೇಲೆ ಮಣ್ಣು ತೆಗೆದು, ಬಣ್ಣ ಹಚ್ಚಿದ್ರೆ ಮುಖವಾಡ. ಊರು ಮತ್ತೆ ಕಟ್ಟೋಕೆ ಸಿಮೆಂಟು ಬಂತು, ಚೀಲ ಕಾರ್ನಿವಲ್ಲಿಗೆ ಹೋಯ್ತು, ಏನೂ ದಂಡ ಆಗಲಿಲ್ಲ. ರಾಜಧಾನಿಯ ಕಾರ್ನಿವಲ್ಲಿಗಿಂತ ಒಂದು ವಾರ ಮುಂಚೆ ಒಂದು ಭಾನುವಾರ ಜಾಕ್ಮೆಲ್ಲಿನದು ನಡೀತಿತ್ತು, ಇಡೀ ದೇಶ ಅಲ್ಲಿಗೆ ಬರ್ತಿತ್ತು. ಈ ಕೈಕಸುಬಿಗೆ 2014ರಲ್ಲಿ ಯುನೆಸ್ಕೊದೋರು ಜಾಕ್ಮೆಲ್ಲನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿದ್ರು.

ಕಾರ್ನಿವಲ್ಲಿಗೆ ಬಿಳಿ ಬಟ್ಟೆ ಹಾಕ್ಕೊಂಡು ಹೋದ್ರೆ ಕೆಟ್ಟಿರಿ. ಇದ್ದಿಲಪುಡಿಗೆ ಕಬ್ಬಿನ ಪಾಕ ಕಲಸಿ ಮೈಗೆಲ್ಲ ಬಳಕೊಂಡು, ತಲೆಗೆ ಎತ್ತಿನ ಕೊಂಬು ಕಟ್ಟಿ, ಕೈಯಲ್ಲಿ ಹಗ್ಗ ಹಿಡಿದ ಹುಡುಗರ ಪಡೆ ಬರುತ್ತೆ. ಬಿಸಿಲಿಗೆ ಮೈ ಫಳಫಳ ಅಂತಿರುತ್ತೆ. ಲಾಂಸೆ ಕೋದ್ ಅಂತ ಹೆಸರು. ಗುಲಾಮರನ್ನ ಕಟ್ಟಿದ್ದ ಹಗ್ಗ ಅದು ಅಂತಾರೆ ಆ ವೇಷ ಹಾಕೋರು. ನಾವು ಗೋಡೆಗೆ ಒರಗಿ ನಿಂತ್ರೂ ಬಿಡಲ್ಲ, ಮೈ ತೀಡಿ ಹೋಗ್ತಾರೆ. ಇನ್ನೊಂದು ವೇಷ ಶಾಲೋಸ್ಕ. ಮಿಲಿಟರಿ ಕೋಟು, ಪದಕಗಳು, ಮುಖವಾಡದ ತುಂಬ ಮೊರದಗಲದ ಹಲ್ಲು. ಮಕ್ಕಳನ್ನ ಅಟ್ಟಿಸ್ಕೊಂಡು ಹೋಗುತ್ತೆ, ಮಕ್ಕಳು ಕಿರುಚಿ ನಗ್ತಾವೆ. ಆ ವೇಷ ನಿಜವಾದ ಒಬ್ಬ ಮನುಷ್ಯನದು ಪದ್ಮಕ್ಕ. ಚಾರ್ಲ್ಸ್ ಆಸ್ಕರ್ ಎತಿಯೆನ್ ಅಂತ ಸೈನ್ಯಾಧಿಕಾರಿ. 1915ರ ಜುಲೈ 27ರಂದು ರಾಜಧಾನಿಯ ಜೈಲಿನಲ್ಲಿದ್ದ ರಾಜಕೀಯ ಕೈದಿಗಳನ್ನ, ನೂರೈವತ್ತಕ್ಕೂ ಹೆಚ್ಚು ಜನ, ಕೊಲ್ಲಿಸಿದ. ಜನ ರೊಚ್ಚಿಗೆದ್ದು ಅವನನ್ನೂ ಬಿಡಲಿಲ್ಲ, ಅಧ್ಯಕ್ಷನನ್ನೂ ಬಿಡಲಿಲ್ಲ. ಮಾರನೇ ದಿನವೇ ಅಮೆರಿಕದ ಸೈನಿಕರು ಬಂದಿಳಿದ್ರು, ಹೋಗಿದ್ದು 1934ರಲ್ಲಿ. ಅಂಥ ಕೊಲೆಗಡುಕನ್ನ ಈ ಊರಿನೋರು ಸಿಮೆಂಟ್ ಚೀಲದ ಹಲ್ಲಿಟ್ಟು ವರ್ಷಾವರ್ಷ ಬೀದೀಲಿ ಕುಣಿಸ್ತಾರೆ. ಅವನಿಗೆ ಪ್ರತಿಮೆ ಇಲ್ಲ, ಮುಖವಾಡ ಇದೆ. ಪ್ರತಿಮೆ ಆಗಿದ್ರೆ ಕಾಗೆ ಬಿಟ್ರೆ ಇನ್ಯಾರೂ ತಿರುಗಿ ನೋಡ್ತಿರಲಿಲ್ಲ.

ಸಂಜೆಗೆ ಕಡಲ ದಂಡೆ. ಅಲ್ಲಿ ಒಡೆದ ಹೆಂಚಿನ ಚೂರು ಜೋಡಿಸಿ ಮೊಸಾಯಿಕ್ ಚಿತ್ರ ಮಾಡಿದ ಕಾಲುದಾರಿ ಮಾಡಿದಾರೆ, ಕೂರೋಕೆ ಕಟ್ಟೆ, ತಿನ್ನೋಕೆ ಕರಿದದ್ದು. ಊಟ ಏನ್ ಮಾಡ್ತಿದ್ಯೇ ಅಂತ ಆಗಲೇ ಕೇಳಿದ್ರಲ್ಲ, ಇಗೋ. ಬಾಳೆಕಾಯಿ ದಪ್ಪ ಹೋಳು ಕರಿದು, ಎರಡು ಹಲಗೆ ಮಧ್ಯೆ ಒತ್ತಿ ಚಪ್ಪಟೆ ಮಾಡಿ, ಉಪ್ಪುನೀರಲ್ಲಿ ಅದ್ದಿ ಮತ್ತೆ ಕರೀತಾರೆ. ಗೆಡ್ಡೆ ತುರಿದು ವಡೆ ಥರ ಬಿಡ್ತಾರೆ, ಅದು ಅಕ್ರ. ಜೊತೆಗೆ ಪಿಕ್ಲಿಜ್, ಕೋಸು, ಕ್ಯಾರೆಟ್ಟು, ಈರುಳ್ಳಿ, ಸಿಡಿಮದ್ದಿನಂಥ ಮೆಣಸಿನಕಾಯಿ ಹೆಚ್ಚಿ ವಿನೆಗರ್‌ನಲ್ಲಿ ನೆನೆಹಾಕಿದ್ದು. ನಮ್ಮ ನಾಲಗೆಗೆ ಹೇಳಿ ಮಾಡಿಸಿದ ಹಾಗೆ. ಕಡಲೆಕಾಯಿ ಅರೆದ ಬೆಣ್ಣೆಗೂ ಮೆಣಸಿನಕಾಯಿ ಹಾಕ್ತಾರೆ, ಬ್ರೆಡ್ಡಿಗೆ ಹಚ್ಚಿದ್ರೆ ಬೇರೆ ಚಟ್ನಿ ಬೇಡ. ಮಡಿಯೋರು ಮಾತ್ರ ಬಾಣಲೆ ಕಡೆ ನೋಡಬಾರದು, ಅದರಲ್ಲೇ ಹಂದಿಮಾಂಸಾನೂ ಬೇಯ್ತಿರುತ್ತೆ. ಜನವರಿ 1ಕ್ಕೆ ಪ್ರತಿ ಮನೇಲೂ ಸಿಹಿಕುಂಬಳದ ಸೂಪು. ಯಜಮಾನರ ಮೇಜಿಗೆ ಗುಲಾಮರು ಮಾಡಿ ಬಡಿಸ್ತಿದ್ದ, ತಾವು ಮುಟ್ಟೋ ಹಾಗಿಲ್ಲದ ಸೂಪು ಅದು. ಸ್ವತಂತ್ರ ಆದ ದಿನ ಎಲ್ಲರೂ ಕುಡಿದ್ರು, ಇವತ್ತಿಗೂ ಕುಡೀತಾರೆ, ಪಕ್ಕದ ಮನೆಗೂ ಕೊಡ್ತಾರೆ.

ಕಟ್ಟೆ ಮೇಲೆ ಗಂಡಸರು ಡಾಮಿನೋಸ್ ಆಡ್ತಿರ್ತಾರೆ. ಸೋತೋನ ಮುಖಕ್ಕೆ ಬಟ್ಟೆ ಕ್ಲಿಪ್ಪು ಹಾಕ್ತಾರೆ, ಕಿವಿಗೆ, ಕೆನ್ನೆಗೆ, ಗದ್ದಕ್ಕೆ. ಆರೆಂಟು ಕ್ಲಿಪ್ಪು ನೇತಾಡಿಸ್ಕೊಂಡು ಗಂಭೀರವಾಗಿ ಕಾಯಿ ಎಣಿಸ್ತಾ ಕೂತ ದೊಡ್ಡ ಮನುಷ್ಯನಿಗೂ ನಾವು "ಬೋನ್ಸ್ವಾ" ಅನ್ನಬೇಕು, ನಗಬಾರದು. ಎದುರಿಗೇ ಲಾಟರಿ ಗೂಡಂಗಡಿ, ಬೋರ್ಲೆತ್ ಅಂತಾರೆ, ಬಣ್ಣ ಬಳಿದು "ಬ್ಯಾಂಕ್" ಅಂತಾನೇ ಬರೆದಿರುತ್ತೆ. ರಾತ್ರಿ ಬಿದ್ದ ಕನಸನ್ನ ಬೆಳಿಗ್ಗೆ ನಂಬರು ಮಾಡಿ ಕಟ್ಟೋದು. ಯಾವ ಕನಸಿಗೆ ಯಾವ ನಂಬರು ಅಂತ ಹೇಳೋಕೆ ಚಾಲಾ ಅನ್ನೋ ಪುಸ್ತಕ ಇದೆ, ಹಾವಿಗೆ ಒಂದು, ಮದುವೆಗೆ ಒಂದು. ಕನಸು ಜಾಕ್ಮೆಲ್ಲಿನದು, ಗೆದ್ದ ನಂಬರು ಬರೋದು ನ್ಯೂಯಾರ್ಕ್ ಲಾಟರಿಯಿಂದ.

ಅದೇ ಕಡಲಂಚಲ್ಲಿ ಕೂತು ನೀರು ನೋಡ್ತಿದ್ದಾಗ ಪಕ್ಕದಲ್ಲಿದ್ದ ಮೇಷ್ಟರೊಬ್ಬರು ಹೇಳಿದ್ರು, ಅಲ್ಲಿ ನೋಡಿ, ವೆನೆಜುವೆಲದ ಬಾವುಟ ಹುಟ್ಟಿದ್ದು ಆ ನೀರಿನ ಮೇಲೆ ಅಂತ. ನಿಜಾನೇ. 1806ರ ಮಾರ್ಚ್ 12ರಂದು ಆ ದೇಶದ ಸ್ವಾತಂತ್ರ್ಯ ಹೋರಾಟಗಾರ ಫ್ರಾನ್ಸಿಸ್ಕೊ ಡಿ ಮಿರಾಂಡ ತನ್ನ ಹಡಗು ಲಿಯಾಂಡರ್ ಮೇಲೆ ಆ ಹಳದಿ-ನೀಲಿ-ಕೆಂಪು ಬಾವುಟ ಹಾರಿಸಿದ್ದು ಜಾಕ್ಮೆಲ್ ಕೊಲ್ಲೀಲಿ. ಹತ್ತು ವರ್ಷ ಆದ್ಮೇಲೆ ಸಿಮೋನ್ ಬೊಲಿವಾರ್ ಬಂದ, ಸ್ಪೇನಿನೋರಿಗೆ ಸೋತು, ಕೈ ಬರಿದಾಗಿ. ಹೈಟಿ ಅಧ್ಯಕ್ಷ ಪೆತಿಯೊಂ ಅವನಿಗೆ ಬಂದೂಕು, ಮದ್ದುಗುಂಡು, ಹಡಗು, ಜನ ಎಲ್ಲ ಕೊಟ್ಟ. ಮೊದಲ ಸಲ ಸೋತು ವಾಪಸ್ ಬಂದ, ಮತ್ತೆ ಕೊಟ್ಟ. ಎರಡನೇ ಸಲ ಅವನು ಹೊರಟಿದ್ದು ಜಾಕ್ಮೆಲ್ಲಿನಿಂದ, 1816ರ ಡಿಸೆಂಬರಿನಲ್ಲಿ. ಪೆತಿಯೊಂ ದುಡ್ಡು ಕೇಳಲಿಲ್ಲ, ಬಡ್ಡಿ ಕೇಳಲಿಲ್ಲ. ನೀನು ಗೆದ್ದ ನೆಲದಲ್ಲಿ ಗುಲಾಮರನ್ನ ಬಿಡುಗಡೆ ಮಾಡು, ಅಷ್ಟೇ ಅಂದ. ದಕ್ಷಿಣ ಅಮೆರಿಕದ ಅಷ್ಟು ದೇಶಗಳ ಸ್ವಾತಂತ್ರ್ಯದ ಬುಡದಲ್ಲಿ ಈ ಊರಿನ ಬಂದರು ಇದೆ. ಕೊಡೋ ದೇಶ ಆಗಿತ್ತು ಅದು ಪದ್ಮಕ್ಕ. ದಾನ ತಗೊಳ್ಳೋ ದೇಶ ಅಂತ ಹೆಸರು ಬಂದಿದ್ದು ಆಮೇಲೆ.

ಈಗ ಫ್ರಾನ್ಸಿನೋರ ಸ್ನೇಹದ ಲೆಕ್ಕ. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನ ಕಳಿಸಿ ಒಂದು ಕಾಗದ ಮುಂದಿಟ್ಟ. ನಿಮ್ಮನ್ನ ಸ್ವತಂತ್ರ ದೇಶ ಅಂತ ಒಪ್ತೀವಿ, ಆದ್ರೆ ನಮ್ಮೋರು ಕಳಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಪರಿಹಾರ ಕಟ್ಟಿ. ಆಸ್ತಿ ಅಂದ್ರೆ ಏನೇನು? ತೋಟ, ಮನೆ, ಮತ್ತೆ ಗುಲಾಮರು. ಅಂದ್ರೆ ಕಾಗದ ಓದ್ತಿದ್ದೋರೇ ಆ ಆಸ್ತಿ! ತೋಪು ಎದುರಿಗಿಟ್ಟು ರುಜು ಹಾಕಿಸ್ಕೊಂಡ್ರು. ಮೊದಲ ಕಂತು ಕಟ್ಟೋಕೇ ದುಡ್ಡಿಲ್ಲ, ಅದಕ್ಕೆ ಫ್ರಾನ್ಸಿನ ಬ್ಯಾಂಕುಗಳಿಂದಲೇ ಸಾಲ. ಪರಿಹಾರಾನೂ ಅವರಿಗೆ, ಬಡ್ಡೀನೂ ಅವರಿಗೆ. 1838ರಲ್ಲಿ ಮೊತ್ತಾನ 9 ಕೋಟಿಗೆ ಇಳಿಸಿದ್ರು. ಕಟ್ಟಿದ್ದು ಹೇಗೆ? ಸರ್ಕಾರದ ದೊಡ್ಡ ವರಮಾನ ಅಂದ್ರೆ ಕಾಫಿ ರಫ್ತಿನ ಸುಂಕ. ಬೆಟ್ಟದ ರೈತ ತನ್ನ ಹಿತ್ತಲ ಕಾಫಿ ಹೊತ್ತು ತಂದು ಮಾರಿದ ಪ್ರತಿ ಮೂಟೆಯಲ್ಲೂ ಒಂದು ಪಾಲು, ಅವನ ತಾತನ ಬೆಲೆ ಅಂತ, ಹಡಗು ಹತ್ತಿಹೋಯ್ತು. ಆ ಸಾಲದ ಬಾಲ ಪೂರ್ತಿ ಕಳಚಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಶಾಲೆ, ರಸ್ತೆ, ಆಸ್ಪತ್ರೆ ಆಗಬೇಕಾಗಿದ್ದ ದುಡ್ಡು ನೂರಿಪ್ಪತ್ತು ವರ್ಷ ಹಾಗೇ ಹರಿದುಹೋಯ್ತು. ಆಮೇಲೆ ಒಂದು ರಸ್ತೆ ಮಾಡಿಕೊಟ್ಟು ಸ್ನೇಹ ಅಂತ ಬೋರ್ಡ್ ಹಾಕಿದ್ರು. ಅದೇ ರಸ್ತೇಲಿ ಓಡಾಡಿದೋಳು ನಾನು, ರಸ್ತೆ ಚೆನ್ನಾಗಿದೆ, ಇಲ್ಲ ಅನ್ನಲ್ಲ.

ಹೂಂ, ರಾಯರು ಹೇಳೋದು ನಿಜ. ಈಗ ಹೋಗೋ ಹಾಗಿಲ್ಲ. ರಾಜಧಾನಿಯಿಂದ ದಕ್ಷಿಣಕ್ಕೆ ಹೊರಡೋ ಹೆದ್ದಾರಿಯ ಬಾಯಲ್ಲೇ, ಮಾರ್ತಿಸ್ಸಾಂ ಅನ್ನೋ ಕಡೆ, 2021ರಿಂದ ಗ್ಯಾಂಗುಗಳು ಅಡ್ಡ ಕೂತವು. ಅದೇ ವರ್ಷ ಜುಲೈನಲ್ಲಿ ಅಧ್ಯಕ್ಷ ಜೊವೆನೆಲ್ ಮೊಯಿಸ್‌ನನ್ನ ಅವನ ಮನೇಲೇ ಕೊಂದ್ರು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಅಲ್ಲಿಂದ 12 ಭಾರತೀಯರನ್ನ ಹೆಲಿಕಾಪ್ಟರಿನಲ್ಲಿ ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸ್ತಲ್ಲ, ಆಪರೇಷನ್ ಇಂದ್ರಾವತಿ ಅಂತ, ನೀವೇ ಪೇಪರಲ್ಲಿ ತೋರಿಸಿದ್ರಿ. ಆ ಬೀದಿಗಳಲ್ಲಿ ನನಗೆ ಬೋಂಜು ಅಂದೋರ ಪೈಕಿ ಯಾರು ಎಲ್ಲಿದಾರೋ. ಹಾಗಾಗಿ ಪದ್ಮಕ್ಕ, ಟಿಕೆಟ್ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಪೇಪರಿನಲ್ಲಿ ಆ ಮನೆತನದ ಹೆಸರು ಕಂಡಾಗ, ಬಡವರು ಹೌದು, ಬಡವರಾಗಿದ್ದು ಹೇಗೆ ಅಂತ ಒಂದು ಸಾಲು ನೀವೇ ಸೇರಿಸ್ಕೊಂಡು ಓದಿ, ಅಷ್ಟು ಸಾಕು.

ಇನ್ನೊಂದು ಹೇಳೋದು ಮರೆತೆ. ಆ 1825ರ ಕಾಗದಕ್ಕೆ 2025ರ ಏಪ್ರಿಲ್ 17ಕ್ಕೆ ಸರಿಯಾಗಿ 200 ವರ್ಷ ತುಂಬ್ತು. ಅವತ್ತು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಏನು ಮಾಡಿದ್ರು ಗೊತ್ತಾ? ವಿಷಯಾನ ಪರಿಶೀಲಿಸೋಕೆ ಎರಡೂ ದೇಶದ ಇತಿಹಾಸಕಾರರದ್ದು ಒಂದು ಕಮಿಟಿ ಮಾಡ್ತೀವಿ ಅಂತ ಘೋಷಿಸಿದ್ರು. ನೋಡಿ, ರಾಯರು ನಗು ತಡೀಲಾರದೆ ಪೇಪರು ಮುಖಕ್ಕೆ ಹಿಡಿದ್ರು. ಸರ್ವೀಸ್ ಪೂರ್ತಿ ಆಡಿಟ್‌ನಲ್ಲಿ ಕಳೆದೋರಿಗೆ ಕಮಿಟಿ ಅಂದ್ರೇನು ಅಂತ ನಾನು ಹೇಳಿಕೊಡಬೇಕಾ? ಅಲ್ಲ ರಾಯರೇ, ನಗೋದು ಬಿಟ್ಟು ಒಂದು ಹೇಳಿ. ಗುಲಾಮನಾಗಿದ್ದೋನು ತಾನು ತಪ್ಪಿಸಿಕೊಂಡಿದ್ದಕ್ಕೆ ಯಜಮಾನನಿಗೇ ನಷ್ಟ ಕಟ್ಟಿಕೊಟ್ಟ, ಅದೂ ಯಜಮಾನನ ಹತ್ರಾನೇ ಸಾಲ ತಗೊಂಡು. ಇದನ್ನ ಪುಸ್ತಕದಲ್ಲಿ ಯಾವ ಹೆಡ್ಡಿಗೆ ಹಾಕ್ತೀರಿ? ಏನಂದ್ರಿ? ಯಾವ ಹೆಡ್ಡಿಗೂ ಬರಲ್ಲ, ಆಬ್ಜೆಕ್ಷನ್ ಬರೀತೀನಿ ಅಂದ್ರಾ? ಬರೀರಿ ಮತ್ತೆ. ಇನ್ನೂರು ವರ್ಷ ತಡ ಆಗಿದೆ, ಅಷ್ಟೇ.